ತಾಂತಿಯ ಪಾತ್ರೆ ಮತ್ತು ಕೆರೆಬಿಳಚಿಯ ಕಾಫಿ ಪುಡಿ

ಆ ದೇಶದಲ್ಲಿ ನನ್ನ ಮೊದಲ ಬೆಳಗು. ಎದ್ದು ನೋಡಿದರೆ ಕಿಟಕಿಯ ಹೊರಗೆ ರತ್ನಳ ಸೀರೆ ನಿಂತಿತ್ತು. ನೇತಾಡುತ್ತಿರಲಿಲ್ಲ, ನಿಂತಿತ್ತು. ಹಿಂದಿನ ಸಂಜೆ ಒಗೆದು ಹಾಸ್ಟೆಲಿನ ಬಾಲ್ಕನಿಯ ಹಗ್ಗಕ್ಕೆ ಹಾಕಿದ್ದಳು. ಹಗ್ಗ ಜಾರಿ ಕೆಳಗೆ ಬಿದ್ದಿತ್ತು. ಸೀರೆ ಮಾತ್ರ ಬಾಗಿಲಿನ ಹಲಗೆಯ ಹಾಗೆ ಗೋಡೆಗೆ ಒರಗಿಕೊಂಡಿತ್ತು. ಮೇಲೆ ನಮ್ಮೂರಿನದೇ ಸೂರ್ಯ, ಕಣ್ಣು ಕುಕ್ಕುವ ಬಿಸಿಲು. ಆದರೆ ಆ ಬಿಸಿಲಲ್ಲಿ ಬಿಸಿ ಎಂಬುದೇ ಇರಲಿಲ್ಲ. ಬೆಳಕನ್ನು ಮಾತ್ರ ಕಳಿಸಿ, ಕಾವನ್ನು ಯಾರೋ ಅರ್ಧ ದಾರಿಯಲ್ಲಿ ಇಳಿಸಿಕೊಂಡ ಹಾಗಿತ್ತು.

"ಏ ಗಿರಿಜಾ, ಬಾರೇ ಇಲ್ಲಿ! ನನ್ ಸೀರೆ ಸೆಟಕೊಂಡೈತೆ ನೋಡೇ!" ಎಂದು ರತ್ನ ಕೂಗಿದಳು.

"ಬಿಸಿಲಿಗೆ ಹಾಕು, ಸರಿ ಹೋಗ್ತೈತೆ."

"ಬಿಸಿಲಾಗೇ ಐತಲ್ಲೇ, ಕಣ್ಣು ಕಾಣಲ್ವ?"

ಮಡಚಿದರೆ ಮುರಿದೀತು ಎಂಬ ಭಯಕ್ಕೆ ಇಬ್ಬರೂ ಅದನ್ನು ಆ ಕಡೆ ಈ ಕಡೆ ಹಿಡಿದುಕೊಂಡು, ಬಾಗಿಲಲ್ಲಿ ಓರೆ ಮಾಡಿ, ಮೆಟ್ಟಿಲಿಳಿದು, ಕೆಳಗೆ ಬಿಸಿನೀರಿನ ಕೊಳವೆ ಹಾದುಹೋಗುವ ಗೋಡೆಯ ಹತ್ತಿರ ತಂದು ನಿಲ್ಲಿಸಿದೆವು. ಅಲ್ಲಿ ಒಂದು ಪುಟ್ಟ ಮೇಜು, ಮೇಜಿನ ಹಿಂದೆ ತಲೆಗೆ ಚೌಕ ಕಟ್ಟಿದ ಒಬ್ಬ ದಪ್ಪ ಹೆಂಗಸು. ಆಕೆ ನಮ್ಮನ್ನು ನೋಡಿದಳು, ಸೀರೆಯನ್ನು ನೋಡಿದಳು, ನಗಲು ಬಾಯಿ ತೆರೆದಳು. ತಕ್ಷಣ ಮೆಟ್ಟಿಲ ಕಡೆ ಕಣ್ಣು ಹಾಯಿಸಿ, ಬಾಯಿಗೆ ಚೌಕದ ತುದಿ ಒತ್ತಿಕೊಂಡು, ಮೈಯೆಲ್ಲ ಕುಲುಕಿಸುತ್ತ ಸದ್ದಿಲ್ಲದೆ ನಕ್ಕಳು. ನಗುವುದಕ್ಕೂ ಒಂದು ಸಲ ಅತ್ತಿತ್ತ ನೋಡಿಕೊಳ್ಳಬೇಕಾದ ಜಾಗ ಇದು ಎಂದು ನನಗೆ ಅವತ್ತು ಹೊಳೆಯಲಿಲ್ಲ.

ಇದು ರೊಮೇನಿಯಾದ ಒಂದು ವಿಶ್ವವಿದ್ಯಾಲಯದ ಊರು. ಕಾಲ, ಎಂಬತ್ತರ ದಶಕದ ಮೊದಮೊದಲ ವರ್ಷಗಳು, ಅಲ್ಲಿ ಕಮ್ಯುನಿಸ್ಟರ ಬಿಗಿ ಆಳ್ವಿಕೆ. ದಾವಣಗೆರೆಯ ಕಾಲೇಜೊಂದರಲ್ಲಿ ನಮ್ಮದೊಂದು ಜನಪದ ಕಲಾ ಸಂಘ ಇತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗಳಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದು ಓದುತ್ತಿದ್ದ ಹುಡುಗ ಹುಡುಗಿಯರ ಸಂಘ. ಹುಡುಗರದು ಡೊಳ್ಳು, ನಮ್ಮದು ಕೋಲಾಟ, ಸೋಬಾನೆ. ಹಿಂದಿನ ವರ್ಷ ಆ ದೇಶದ ವಿದ್ಯಾರ್ಥಿಗಳು ನಮ್ಮಲ್ಲಿಗೆ ಬಂದಿದ್ದರು. ಹೊನ್ನಾಳಿಯಲ್ಲಿ ತುಂಗಭದ್ರೆಗೆ ಕಾಲು ಇಳಿಬಿಟ್ಟು ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಮತ್ತೆ ಕೇಳಿ ತಿಂದಿದ್ದರು. ಅದರ ಬದಲಿಗೆ ಈಗ ನಾವು ಅಲ್ಲಿಗೆ. ಮೂರು ವಿಶ್ವವಿದ್ಯಾಲಯಗಳಿಗೆ ಹೋಗಬೇಕು. ಮೊದಲನೆಯದರಲ್ಲಿ ಚಳಿಗಾಲದ ಬಹುಭಾಗ ಇದ್ದು, ಅವರ ಕುಣಿತ ಕಲಿತು, ನಮ್ಮದನ್ನು ಕಲಿಸಬೇಕು.

ರತ್ನ ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ನಾನು ಕೆರೆಬಿಳಚಿಯವಳು. ನನ್ನ ಸೋಬಾನೆಯೂ ನನ್ನ ಮಾತೂ ಅಜ್ಜಿಯ ತೊಡೆಯ ಮೇಲೆ ಕಲಿತವು. ಹೊರಡುವ ದಿನ ಊರಿನವರೆಲ್ಲ ಒಂದೊಂದು ಬುದ್ಧಿ ಹೇಳಿದರು. ಅಪ್ಪ ಚನ್ನಗಿರಿ ಪೇಟೆಯಲ್ಲಿ ಬೀಜ ಹುರಿಸಿ, ಪುಡಿ ಮಾಡಿಸಿ, ಒಂದು ಡಬ್ಬದ ತುಂಬ ಕಾಫಿ ಪುಡಿ ಕಟ್ಟಿಕೊಟ್ಟರು. ಅಜ್ಜಿ ಮಾತ್ರ ಒಂದೇ ಮಾತು ಹೇಳಿದಳು:

"ಯಾರ ಮನೇಲಿ ಏನು ಇಸ್ಕಂಡು ತಿಂದ್ರೂ ಅವರ ಪಾತ್ರೆ ಬರಿದು ಕಳಸಬ್ಯಾಡ ಮಗ. ಬರಿದು ಕಳಿಸಿದ್ರೆ, ಇನ್ ಮ್ಯಾಲೆ ನಮಗೆ ಕೊಡಬ್ಯಾಡ್ರಿ ಅಂದಂಗೆ."

ಇದನ್ನೇನು ಹೇಳಬೇಕೆ ಎಂದು ನನಗೆ ನಗು ಬಂತು. ನಮ್ಮ ಬೀದಿಯಲ್ಲಿ ಹೋಳಿಗೆ ಬಂದ ತಟ್ಟೆಯಲ್ಲಿ ಚಕ್ಕುಲಿ ಹೋಗುತ್ತದೆ, ಸಾರು ಬಂದ ಬಟ್ಟಲಲ್ಲಿ ನಾಲ್ಕು ನಿಂಬೆಹಣ್ಣು ಹೋಗುತ್ತವೆ. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ತಳದಲ್ಲಿ ಬೀಳುತ್ತದೆ. ಅದು ಉಸಿರಾಡಿದ ಹಾಗೆ, ಯಾರೂ ಯೋಚಿಸಿ ಮಾಡುವುದಲ್ಲ.

ನಮ್ಮ ಜೊತೆ ಬಂದಿದ್ದವರು ಹಾಲೇಶಪ್ಪ ಮೇಷ್ಟ್ರು, ನ್ಯಾಮತಿಯವರು, ಸಂಘದ ಹೊಣೆ ಅವರದು. ಮಂಕಿ ಟೋಪಿಯನ್ನು ಅವರು ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಹಾಕಿಕೊಂಡದ್ದು, ಮತ್ತೆ ತೆಗೆದದ್ದು ಅಲ್ಲಿಗೆ ಮರಳಿದ ಮೇಲೆಯೇ. ಬಂದ ಮೊದಲ ದಿನವೇ ನಮ್ಮೆಲ್ಲರನ್ನೂ ಒಂದು ತಣ್ಣನೆಯ ಸಭಾಂಗಣದಲ್ಲಿ ಕೂರಿಸಿ ಹಾಸ್ಟೆಲಿನ ಅಧಿಕಾರಿ ನಿಯಮಗಳನ್ನು ಹೇಳಿದ್ದರು. ದುಭಾಷಿಯಾಗಿ ಅಲ್ಲಿನ ಒಬ್ಬ ಇಂಗ್ಲಿಷ್ ವಿದ್ಯಾರ್ಥಿನಿ. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಷ್ಟ್ರು ನಮಗೆ ಕನ್ನಡದಲ್ಲಿ ದಾಟಿಸಿದರು.

"ಕೇಳ್ರಪ್ಪ, ಕೇಳ್ರಮ್ಮ. ಇಲ್ಲಿನ ಜನರ ಜೊತೆ ಕೆಲಸ ಇದ್ದಷ್ಟೇ ಮಾತು. ಅವರ ಮನೆಗೆ ಹೋಗಂಗಿಲ್ಲ. ಏನೂ ಕೊಡಂಗಿಲ್ಲ, ಏನೂ ಇಸ್ಕಳಂಗಿಲ್ಲ. ನಮ್ಮಿಂದ ಏನಾರ ಎಡವಟ್ಟಾದ್ರೆ ಇಡೀ ಸಂಘನೇ ವಾಪಸ್."

ನಾವು ತಲೆಯಾಡಿಸಿದೆವು. ಕೊಡಬಾರದು ಎಂದರೆ ಡಾಲರು, ಗಡಿಯಾರ, ಟೇಪ್ ರೆಕಾರ್ಡರು ಎಂದುಕೊಂಡೆವು. ಅವು ನಮ್ಮ ಹತ್ತಿರ ಇರಲೂ ಇಲ್ಲ.

ಆ ಅಧಿಕಾರಿ ಎತ್ತರದ ಮನುಷ್ಯ. ಕೋಟಿನ ಒಳಗೆ ಎರಡು ಸ್ವೆಟರು, ನರೆತ ಮೀಸೆ, ನಗದ ಮುಖ. ಕೋಟಿನ ಜೇಬಿನಲ್ಲಿ ಯಾವಾಗಲೂ ಅಕ್ರೋಟು. ಎರಡನ್ನು ಒಂದೇ ಅಂಗೈಯಲ್ಲಿ ಹಿಡಿದು ಒತ್ತಿದರೆ ಟಕ್ ಎಂದು ಒಡೆಯುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಆ ಟಕ್ ಕೇಳಿಸಿದರೆ ಸಾಕು, ಅಡುಗೆ ಕೋಣೆಯಲ್ಲಿ ಮಾತಾಡುತ್ತಿದ್ದ ಅಲ್ಲಿನ ಹುಡುಗಿಯರು ತಟ್ಟನೆ ತಟ್ಟೆ ತೊಳೆಯಲು ನಿಲ್ಲುತ್ತಿದ್ದರು. ನಾವೂ ಕಲಿತೆವು. ಆ ಊರಲ್ಲಿ ನಾನು ಕಲಿತ ಮೊದಲ ಶಬ್ದ ಅದೇ. ಭಾಷೆ ಆಮೇಲೆ ಬಂತು.

ಭಾಷೆ ಕಲಿಸಿದವಳು ಮೆಟ್ಟಿಲ ಬುಡದ ಆ ಹೆಂಗಸು. ಹಾಸ್ಟೆಲಿನ ದ್ವಾರ ಕಾಯುವವಳು. ಎಲ್ಲರೂ ಆಕೆಯನ್ನು ತಾಂತಿ ಎನ್ನುತ್ತಿದ್ದರು. ತಾಂತಿ ಎಂದರೆ ಅಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾಲ ಬದಲಾಗಿದೆ, ಇದನ್ನೆಲ್ಲ ಬರೆದರೆ ಈಗ ಯಾರಿಗೂ ಏನೂ ಆಗುವುದಿಲ್ಲ. ಆದರೂ ಆ ಅಭ್ಯಾಸ ಕೈಗೆ ಹತ್ತಿಬಿಟ್ಟಿದೆ. ತಾಂತಿ ಬೆಟ್ಟದ ಕಡೆಯ ಹಳ್ಳಿಯವಳು. ಗಂಡ ಸತ್ತ ಮೇಲೆ ಪಟ್ಟಣಕ್ಕೆ ಬಂದು ಈ ಕೆಲಸ ಹಿಡಿದಿದ್ದಳು. ಕೆಲಸದ ಜೊತೆಗೆ ನೆಲಮಾಳಿಗೆಯಲ್ಲಿ ಒಂದು ಕೋಣೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಇದನ್ನು ದುಭಾಷಿ ಹುಡುಗಿ ಒಮ್ಮೆ ಸುಮ್ಮನೆ ಮಾತಿನ ನಡುವೆ ಹೇಳಿದ್ದಳು.

ನಮ್ಮ ಊರಲ್ಲಿ ಮನೆಯ ಬಾಗಿಲು ಬೆಳಿಗ್ಗೆ ತೆರೆದರೆ ರಾತ್ರಿ ಮಲಗುವಾಗಲೇ ಮುಚ್ಚುವುದು. ಇಲ್ಲಿ ಸಾಲು ಸಾಲು ಮುಚ್ಚಿದ ಬಾಗಿಲುಗಳು. ಒಳಗೆ ಜನ ಇದ್ದಾರೆ ಎಂಬುದು ರೇಡಿಯೋ ಸದ್ದಿನಿಂದ ಮಾತ್ರ ತಿಳಿಯಬೇಕು. ನಮ್ಮಲ್ಲಿ ಮಾತಾಡುವಾಗ ದನಿ ಏರುತ್ತದೆ, ಇಲ್ಲಿ ಮುಖ್ಯವಾದ ಮಾತು ಬಂದಂತೆ ದನಿ ಇಳಿಯುತ್ತದೆ. ಬ್ರೆಡ್ಡಿಗೆ ಸಾಲು, ಎಣ್ಣೆಗೆ ಸಾಲು. ಕೆಲವು ಸಾಲುಗಳಲ್ಲಿ ನಿಂತವರಿಗೇ ಮುಂದೆ ಏನು ಮಾರುತ್ತಿದ್ದಾರೆ ಎಂಬುದು ಗೊತ್ತಿರುತ್ತಿರಲಿಲ್ಲ. ಕೋಣೆ ಬೆಚ್ಚಗಿಡುವ ಕೊಳವೆಗಳು ದಿನದ ಬಹುಪಾಲು ತಣ್ಣಗೇ ಇರುತ್ತಿದ್ದವು. ಅಭ್ಯಾಸಕ್ಕೆ ನಿಂತರೆ ಕೋಲು ಕೈಯಿಂದ ಜಾರುತ್ತಿತ್ತು. ಹುಡುಗರ ಡೊಳ್ಳಿನ ಚರ್ಮ ಚಳಿಗೆ ಸಡಿಲಾಗಿ, ಬಡಿದರೆ ಒದ್ದೆ ಗೋಣಿಚೀಲದ ಸದ್ದು.

ರತ್ನಳಿಗೆ ಜ್ವರ ಬಂತು. ಸೊಕ್ಕೆಯ ಬಿಸಿಲಲ್ಲಿ ಬೆಳೆದ ಜೀವ, ಎರಡು ಕಂಬಳಿಯ ಕೆಳಗೂ ನಡುಗುತ್ತಿತ್ತು. ಕ್ಯಾಂಟೀನಿನ ಊಟದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. "ನಂಗೆ ಒಂದಿಷ್ಟು ಬಿಸಿ ಸಾರು ಸಿಕ್ಕಿದ್ರೆ ಎದ್ದು ಕೂರ್ತೀನಿ ಕಣೇ" ಎಂದು ಗೋಡೆ ನೋಡಿಕೊಂಡು ಗೊಣಗಿದಳು. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ತಾಂತಿ. ಸೆರಗಿನಂತೆ ಹೊದ್ದ ಶಾಲಿನ ಒಳಗಿಂದ ಒಂದು ಎನಾಮೆಲ್ ಪಾತ್ರೆ ಹೊರಬಂತು. ಬಿಳಿ ಪಾತ್ರೆ, ಸುತ್ತ ನೀಲಿ ಹೂವು, ಕಿವಿಯ ಹತ್ತಿರ ಸ್ವಲ್ಪ ಚಕ್ಕೆ ಎದ್ದಿತ್ತು. ಒಳಗೆ ಹೊಗೆಯಾಡುವ ಹುರುಳಿಯ ಬಣ್ಣದ ಸಾರು.

ಇದು ಮಾಂಸದ್ದೋ ಎಂದು ಕೇಳಲು ನನಗೆ ಮಾತು ಬರದು. ತಾಂತಿಗೆ ಅರ್ಥವಾಯಿತು. "ಮೂ" ಎಂದು ಹಸುವಿನಂತೆ ಕೂಗಿ, ತಲೆ ಅಲ್ಲಾಡಿಸಿ, ಇಲ್ಲ ಎಂದಳು. ಕೋಳಿಯ ಹಾಗೆ ರೆಕ್ಕೆ ಬಡಿದು, ಅದೂ ಇಲ್ಲ ಎಂದಳು. ಆಮೇಲೆ ಎದೆಯ ಮೇಲೆ ಶಿಲುಬೆ ಗೀರಿಕೊಂಡು ಹೊಟ್ಟೆ ಮುಟ್ಟಿ ತೋರಿಸಿದಳು. ಅವರಿಗೆ ಅದು ಹಬ್ಬಕ್ಕೆ ಮುಂಚಿನ ವ್ರತದ ಕಾಲವಂತೆ, ಹಾಲು ಮೊಟ್ಟೆಯನ್ನೂ ಮುಟ್ಟುವುದಿಲ್ಲವಂತೆ. ಅದು ಚೋರ್ಬ, ಅಂದರೆ ಅವರ ಹುಳಿ ಸಾರು. ತೌಡನ್ನು ನೀರಲ್ಲಿ ಹುಳಿಬರಿಸಿ, ಆ ನೀರಲ್ಲಿ ಕಾಳು ಬೇಯಿಸುತ್ತಾರೆ. ರತ್ನ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಹೆಂಗೈತೆ?"

"ನಮ್ಮವ್ವ ಒಗ್ಗರಣೆ ಹಾಕಾಕೆ ಮರೆತಂಗೈತೆ" ಎಂದಳು. ಪಾತ್ರೆ ಖಾಲಿಯಾಯಿತು.

ಪಾತ್ರೆ ತೊಳೆದೆ, ಒರೆಸಿದೆ. ಬರಿದು ಕೊಡುವುದು ಹೇಗೆ? ಊರಿಂದ ತಂದ ಮಂಡಕ್ಕಿ ಮುಗಿದಿತ್ತು, ಬೆಲ್ಲ ಮುಗಿದಿತ್ತು. ಉಳಿದಿದ್ದು ಕಾಫಿ ಪುಡಿ. ಎರಡು ಹಿಡಿ ಕಾಗದದಲ್ಲಿ ಸುತ್ತಿ, ಒಳಗಿಟ್ಟು, ಮುಚ್ಚಳ ಮುಚ್ಚಿ ತಾಂತಿಯ ಮೇಜಿನ ಮೇಲಿಟ್ಟೆ. ಆಕೆ ಮುಚ್ಚಳ ಎತ್ತಿದಳು. ವಾಸನೆ ಎದ್ದಿತು. ತಾಂತಿಯ ಮುಖದ ಬಣ್ಣವೇ ಇಳಿಯಿತು. ಮೆಟ್ಟಿಲ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು, ಪಾತ್ರೆಯನ್ನು ಮೇಜಿನ ಕೆಳಗೆ ಕಾಲ ಹತ್ತಿರ ತಳ್ಳಿದಳು. ನನ್ನ ಕೈ ಹಿಡಿದು ಏನೋ ಹೇಳಿದಳು, ಬಹಳ ಮೆಲ್ಲಗೆ. ಕಣ್ಣು ಒದ್ದೆಯಾಗಿತ್ತು.

ಮೇಲೆ ಬಂದು ರತ್ನಳಿಗೆ ಹೇಳಿದೆ.

"ಎಷ್ಟು ಹಾಕಿದ್ದೆ?"

"ಎರಡು ಹಿಡಿ."

"ಅಷ್ಟು ದೊಡ್ಡ ಪಾತ್ರೆಗೆ ಎರಡು ಹಿಡೀನ? ತಳಾನೂ ಮುಚ್ಚಿರಲ್ಲ. ಬ್ಯಾಸರ ಮಾಡ್ಕಂಡಿರ್ತಾಳೆ ಬಿಡು. ಕೈ ಬಿಚ್ಚಿ ಕೊಡೋದು ಕಲಿಯೇ."

ಮುಂದಿನ ಸಲ ಪಾತ್ರೆಯಲ್ಲಿ ಮಮಲಿಗ ಬಂತು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ಮುದ್ದೆಯ ತಂಗಿ, ಬಣ್ಣ ಮಾತ್ರ ಅರಿಶಿನ. ನಾವು ಮುರಿದು ತಿನ್ನುವುದನ್ನು ಅವರು ದಾರದಿಂದ ಕತ್ತರಿಸುತ್ತಾರೆ. ತಾಂತಿ ತನ್ನ ಚೌಕದ ಅಂಚಿನ ದಾರ ಎಳೆದು ಕತ್ತರಿಸಿ ತೋರಿಸಿದಳು. ರತ್ನ ಅದನ್ನು ನೋಡಿ, ಒಂದು ತುಂಡು ಮುರಿದು, ಉಂಡೆ ಮಾಡಿ, ಗುಳುಂ ಎಂದು ನುಂಗಿ ತೋರಿಸಿದಳು. ತಾಂತಿಗೆ ಗಂಟಲಲ್ಲಿ ಸಿಕ್ಕಿತೇನೋ ಎಂಬ ಗಾಬರಿ. ಆಮೇಲೆ ಮೂವರೂ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕೆವು. ಆ ಹೊತ್ತಿಗೆ ನಮಗೂ ಹಾಗೆ ನಗುವುದು ರೂಢಿಯಾಗಿತ್ತು. ಅವತ್ತೇ ಎರಡು ಮಾತು ಕಲಿತೆ. ತುಂಬಿದ ಪಾತ್ರೆ ಪ್ಲಿನ, ಖಾಲಿ ಪಾತ್ರೆ ಗ್ವಾಲ. ಪಾತ್ರೆ ಹಿಂದಕ್ಕೆ ಹೋದಾಗ ಕಾಫಿ ಪುಡಿಯ ಪೊಟ್ಟಣಗಳು ಮುಚ್ಚಳಕ್ಕೆ ತಾಗುವಷ್ಟಿದ್ದವು.

ಹೀಗೆ ಪಾತ್ರೆ ಹತ್ತಿತು, ಇಳಿಯಿತು. ನಾವು ಎರಡನೆಯ ವಿಶ್ವವಿದ್ಯಾಲಯಕ್ಕೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಮೆಟ್ಟಿಲಿಳಿದರೆ ಮೇಜಿನ ಹಿಂದೆ ತಾಂತಿ ಇರಲಿಲ್ಲ. ಬೇರೊಬ್ಬ ಗಂಡಸು ಕೂತಿದ್ದ. ನಮ್ಮನ್ನು ನೋಡಲಿಲ್ಲ. ಅಡುಗೆ ಕೋಣೆಯಲ್ಲಿ ದುಭಾಷಿ ಹುಡುಗಿ ನಲ್ಲಿಯನ್ನು ಜೋರಾಗಿ ಬಿಟ್ಟು, ಆ ನೀರಿನ ಸದ್ದಿನ ಮರೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ತಾಂತಿಯ ಕೋಣೆಯಲ್ಲಿ ಕಾಫಿ ಪುಡಿ ಸಿಕ್ಕಿದೆ. ವಿದೇಶದ್ದು. ಯಾರು ಕೊಟ್ಟರು, ಯಾತಕ್ಕೆ ಕೊಟ್ಟರು ಎಂಬುದಕ್ಕೆ ತಾಂತಿ ಬಾಯಿ ಬಿಡುತ್ತಿಲ್ಲ.

"ಕಾಫಿ ತಾನೆ?" ಎಂದೆ.

ಆಕೆ ನನ್ನನ್ನು ಎಳೆಯ ಕೂಸನ್ನು ನೋಡುವ ಹಾಗೆ ನೋಡಿದಳು. ಅಂಗಡಿಯಲ್ಲಿ ಸಿಗುವುದು ಬಾರ್ಲಿ, ಕಡಲೆ ಹುರಿದ ಕರಿ ಪುಡಿ. ನಿಜವಾದ ಕಾಫಿ ಇಲ್ಲಿ ಕುಡಿಯುವ ಪದಾರ್ಥವಲ್ಲ ಎಂದಳು. ವೈದ್ಯರು ಬೇಗ ನೋಡಬೇಕೇ, ಕಾಫಿ. ಮನೆ ಮಂಜೂರಾಗಬೇಕೇ, ಕಾಫಿ. ಅದು ಕೈ ಬೆಚ್ಚಗೆ ಮಾಡುವ ವಸ್ತು. ದ್ವಾರ ಕಾಯುವವಳಿಗೆ ವಿದೇಶೀಯರು ಅಷ್ಟೊಂದು ಕಾಫಿ ಕೊಟ್ಟರೆ ಅವಳು ಅವರಿಗೆ ಏನು ಮಾಡಿಕೊಟ್ಟಿರಬೇಕು?

ನಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಸಾದಾ ವಸ್ತುವೆಂದು ನಾನು ತೆಗೆದುಕೊಟ್ಟದ್ದು ಇಲ್ಲಿ ಎಲ್ಲಕ್ಕಿಂತ ಅಪಾಯದ್ದಾಗಿತ್ತು.

ಮೇಷ್ಟ್ರ ಕೋಣೆಗೆ ಓಡಿದೆವು. ಅವರು ಕೇಳುತ್ತ ಕೇಳುತ್ತ ಮಂಕಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು.

"ಯಾರೂ ಬಾಯಿ ಬಿಡಬ್ಯಾಡ್ರಿ. ನಾಳೆ ಬಸ್ ಹತ್ತಿದ್ರೆ ಮುಗೀತು. ನಮ್ಮ ಹೆಸರು ಆಯಮ್ಮ ಹೇಳಿಲ್ಲ ತಾನೆ? ಪುಣ್ಯಾತ್ಗಿತ್ತಿ. ಸುಮ್ಮನೆ ಹೋಗಿಬಿಡಾಣ."

"ನಾವು ಬಸ್ ಹತ್ತಬೌದು ಸಾರ್" ಎಂದಳು ರತ್ನ. ಜ್ವರ ಬಿಟ್ಟ ಮುಖ ಇನ್ನೂ ಬಾಡಿತ್ತು. "ತಾಂತಿ ಎಲ್ಲಿ ಹತ್ತಾಳೆ?"

"ನಿಮ್ಮಪ್ಪಾರಿಗೆ ಏನು ಹೇಳ್ಲಮ್ಮ ನಾನು? ಹುಡುಗೀನ ಪರದೇಶದಾಗೆ ಪೊಲೀಸರ ಕೈಗೆ ಕೊಟ್ಟು ಬಂದೆ ಅನ್ಲ?"

"ನಮ್ಮಜ್ಜಿಗೆ ನಾನು ಏನು ಹೇಳ್ಲಿ ಸಾರ್?" ಎಂದೆ.

ಮೇಷ್ಟ್ರು ಹೊಣೆ ಹೊತ್ತ ಮನುಷ್ಯ, ಅವರ ಭಯ ಸುಳ್ಳಲ್ಲ. ನಾವು ಕೊಟ್ಟೆವು ಎಂದರೆ ತಾಂತಿ ಇಸಿದುಕೊಂಡಳು ಎಂದಾಗುತ್ತದೆ. ನಾವು ಕೊಡಲಿಲ್ಲ ಎಂದರೆ ಅವಳು ಕದ್ದಳು ಎಂದಾಗುತ್ತದೆ. ಏನೂ ಹೇಳದಿದ್ದರೆ ಅವರು ತಮಗೆ ಬೇಕಾದ್ದು ಬರೆದುಕೊಳ್ಳುತ್ತಾರೆ. ಯಾವ ಕಡೆ ತಿರುಗಿದರೂ ಗೋಡೆ. ಕೊನೆಗೆ ಅವರು ಎದ್ದರು. "ನಡೀರಿ. ಮಾತು ನಾನಾಡ್ತೀನಿ. ನೀವು ತಲೆ ತಗ್ಗಿಸಿ ನಿಲ್ರಿ, ಅಷ್ಟೇ."

ಅಧಿಕಾರಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ತಾಂತಿ ಕೂತಿದ್ದಳು. ಕೈಗಳು ಮಡಿಲಲ್ಲಿ. ನಾವು ಎದುರಿಗೆ ಬಂದರೂ ಕಣ್ಣೆತ್ತಲಿಲ್ಲ. ನಮ್ಮನ್ನು ಅರಿಯದವಳಂತೆ ಕೂತಿದ್ದಳು. ನಮ್ಮನ್ನು ಉಳಿಸಲು ಅವಳಿಗೆ ಗೊತ್ತಿದ್ದುದು ಅದೊಂದೇ ದಾರಿ.

ಒಳಗೆ ಮೇಜಿನ ಮೇಲೆ ನೀಲಿ ಹೂವಿನ ಪಾತ್ರೆ. ಪಕ್ಕದಲ್ಲಿ ನನ್ನ ಕಾಗದದ ಪೊಟ್ಟಣಗಳು ಸಾಲಾಗಿ. ನಮ್ಮ ಕನ್ನಡ ಪತ್ರಿಕೆಯ ಹಾಳೆಗಳು ಅವು. ದಾವಣಗೆರೆಯ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ನನ್ನ ಕಡೆಗೇ ತಿರುಗಿತ್ತು. ಇನ್ನು ಯಾರು ಕೊಟ್ಟದ್ದೆಂದು ಕೇಳುವುದೇ ಬೇಕಿರಲಿಲ್ಲ. ಕೋಣೆಯೆಲ್ಲ ನಮ್ಮ ಮನೆಯ ಬೆಳಗಿನ ವಾಸನೆ. ಅಷ್ಟು ಹೆದರಿಕೆಯ ಜಾಗದಲ್ಲಿ ಅಷ್ಟು ಪರಿಚಯದ ವಾಸನೆಯನ್ನು ನಾನು ಮತ್ತೆಂದೂ ಕಂಡಿಲ್ಲ.

ಅಧಿಕಾರಿ ಕೇಳಿದರು. ಹುಡುಗಿ ಇಂಗ್ಲಿಷಿಗೆ ತಿರುಗಿಸಿದಳು. ಮೇಷ್ಟ್ರು ಕನ್ನಡಕ್ಕೆ ತಂದರು. "ಇದಕ್ಕೆ ಬದಲಾಗಿ ಆ ಹೆಂಗಸು ನಿಮಗೆ ಏನು ಮಾಡಿಕೊಟ್ಟಳು ಅಂತ ಕೇಳ್ತಾರೆ. ಹೊರಗೆ ಬಿಟ್ಟಳಾ, ಕಾಗದ ಸಾಗಿಸಿದಳಾ, ಯಾರನ್ನಾದ್ರೂ ಭೇಟಿ ಮಾಡಿಸಿದಳಾ?"

"ಸಾರು ಕೊಟ್ಟಳು, ಪಾತ್ರೆ ಬರಿದು ಕಳಸಬಾರದು ಅಂತ ಹಾಕಿದೆ, ಅಷ್ಟೇ ಅಂತ ಹೇಳ್ರಿ ಸಾರ್."

ಮೇಷ್ಟ್ರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಎರಡೇ ಮಾತು. ನನ್ನ ಇಂಗ್ಲಿಷ್ ದೊಡ್ಡದಲ್ಲ, ಆದರೆ ಕ್ಷಮಿಸಿ ಎಂಬುದು ತಿಳಿಯದಷ್ಟು ಸಣ್ಣದೂ ಅಲ್ಲ.

"ಸಾರ್, ನೀವು ಪಾತ್ರೆ ವಿಷಯ ಹೇಳಲಿಲ್ಲ."

"ಅದೆಲ್ಲ ಇಲ್ಲಿ ಯಾಕಮ್ಮ? ತಪ್ಪಾತು ಅಂದ್ರೆ ಸಾಕು."

"ತಪ್ಪಾತು ಅಂದ್ರೆ ಲಂಚ ಅಂತ ಒಪ್ಪಿಕೊಂಡಂಗೆ ಆಗ್ತೈತಲ್ರೀ ಸಾರ್!" ಎಂದಳು ರತ್ನ, ತಗ್ಗಿಸಿದ ತಲೆಯನ್ನು ಎತ್ತದೆಯೇ.

ನಾನು ಒಂದು ಹೆಜ್ಜೆ ಮುಂದೆ ಹೋದೆ. ಪಾತ್ರೆಯ ಕಡೆ ಕೈ ತೋರಿಸಿ, ತಾಂತಿ ಕಲಿಸಿದ್ದ ಹರಕು ಮುರುಕು ಭಾಷೆಯಲ್ಲೇ ಹೇಳಿದೆ. ನಮ್ಮಲ್ಲಿ. ಪಾತ್ರೆ ಬಂತು, ಪ್ಲಿನ. ಪಾತ್ರೆ ಹೋಯಿತು, ಗ್ವಾಲ. ಇಲ್ಲ. ಒಳ್ಳೆಯದಲ್ಲ. ಅಜ್ಜಿ ಹೇಳಿದಳು, ಇಲ್ಲ.

ಅಧಿಕಾರಿಯ ಕೈ ಜೇಬಿನಲ್ಲಿತ್ತು. ಟಕ್ ಎಂಬ ಸದ್ದು ಬರುತ್ತದೆಂದು ಕಾದೆ. ಬರಲಿಲ್ಲ. ನನ್ನನ್ನೇ ನೋಡುತ್ತ ಅವರು ಏನೋ ಕೇಳಿದರು. ಈ ಸಲ ಹುಡುಗಿ ಇಂಗ್ಲಿಷಿನಲ್ಲಿ ಹೇಳುವ ಮುನ್ನ ಒಂದು ಕ್ಷಣ ತಡವರಿಸಿದಳು.

"ಮನೇಲಿ ಏನೂ ಇಲ್ದಿದ್ರೆ ಏನು ಹಾಕ್ತೀರಿ ಅಂತ ಕೇಳ್ತಾರೆ" ಎಂದರು ಮೇಷ್ಟ್ರು, ತಮಗೇ ನಂಬಿಕೆಯಾಗದ ದನಿಯಲ್ಲಿ.

"ಒಂದು ಚಿಟಿಕೆ ಸಕ್ಕರೆ. ಅದೂ ಇಲ್ಲದಿದ್ರೆ ಹಿತ್ತಲ ಕರಿಬೇವು ಒಂದು ಎಸಳು. ಏನಾದ್ರೂ ಸರಿ, ತಳ ಕಾಣಬಾರದು ಅಷ್ಟೇ."

ಮೇಷ್ಟ್ರು ಈ ಸಲ ಪೂರ್ತಿ ಹೇಳಿದರು. ಕರಿಬೇವಿಗೆ ಇಂಗ್ಲಿಷ್ ಸಿಗದೆ ಒದ್ದಾಡಿ, ಕೊನೆಗೆ ಎಲೆ ಎಂದರು.

ಅಧಿಕಾರಿ ಪೊಟ್ಟಣಗಳನ್ನು ಒಂದೊಂದಾಗಿ ಎಳೆದು ಖಾನೆಯೊಳಗೆ ಹಾಕಿ ಬೀಗ ತಿರುಗಿಸಿದರು. ಕಾಫಿ ಜಪ್ತಿ. ಇನ್ನು ಮುಂದೆ ಯಾವ ಕೊಡುವುದೂ ಕೊಳ್ಳುವುದೂ ಇಲ್ಲ. ಸಂಘ ನಾಳೆ ಹೊರಡಬಹುದು. ಹೆಂಗಸಿನ ವಿಷಯ ನಿಮ್ಮದಲ್ಲ. ಇಷ್ಟು ಹೇಳಿ, ಪಾತ್ರೆಯನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದರು. ಹೊರಗೆ ಕೂತಿದ್ದಾಳೆ, ಅವಳದನ್ನು ಅವಳಿಗೆ ಕೊಟ್ಟು ಹೋಗಿ.

ಪಾತ್ರೆ ಖಾಲಿ ಇತ್ತು.

ನಾನು ಕೈ ಚಾಚಲಿಲ್ಲ. ಹಟವೆಂದು ನೀವು ಅಂದುಕೊಂಡೀರಿ. ಹಟವಲ್ಲ, ಕೈಯೇ ಏಳಲಿಲ್ಲ. ಆ ಬೆಂಚಿನ ಮೇಲೆ ಕೂತು ನಮಗಾಗಿ ಮೂಕಿಯಾದವಳ ಮಡಿಲಿಗೆ ಬರಿ ಪಾತ್ರೆ ಇಡುವುದೆಂದರೆ, ಇನ್ನು ನಿನ್ನ ನಮ್ಮ ಋಣ ಹರಿಯಿತು ಎಂದ ಹಾಗೆ. ರತ್ನಳೂ ಸೆರಗಿನೊಳಗೆ ಕೈ ಕಟ್ಟಿಕೊಂಡು ನಿಂತಳು.

"ತಗಾಳಮ್ಮ" ಎಂದರು ಮೇಷ್ಟ್ರು ಹಲ್ಲಿನ ಸಂದಿಯಿಂದ. "ತಗಾ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ. ಬಿಟ್ಟಾರೆ, ಹೋಗಾಣ."

"ಗ್ವಾಲ" ಎಂದೆ ನಾನು ಅಧಿಕಾರಿಗೆ. ಬೇರೆ ಮಾತು ನನಗೆ ಗೊತ್ತಿರಲಿಲ್ಲ.

ದುಭಾಷಿ ಹುಡುಗಿ ನೆಲ ನೋಡುತ್ತಿದ್ದಳು. ಅಧಿಕಾರಿಯ ಮುಖ ಕೆಂಪಾಯಿತು. ಎದ್ದು ನಿಂತರು. ಎಷ್ಟು ಎತ್ತರದ ಮನುಷ್ಯ ಎಂದು ಆಗಲೇ ನನಗೆ ಸರಿಯಾಗಿ ಕಂಡದ್ದು. ಬಾಗಿಲ ಕಡೆ ಬೆರಳು ತೋರಿಸಿ ಕಿರುಚುತ್ತಾರೆ, ಯಾರನ್ನಾದರೂ ಕರೆಯುತ್ತಾರೆ ಎಂದುಕೊಂಡೆ. ಕೋಟಿನ ಜೇಬಿನಿಂದ ಕೈ ಹೊರಬಂತು. ಪಾತ್ರೆಯ ಮೇಲೆ ಬಂದು, ಬಿಚ್ಚಿಕೊಂಡಿತು.

ಟಣ್ ಟಣ್ ಟಣ್ ಎಂದು ಅಕ್ರೋಟುಗಳು ಎನಾಮೆಲಿನ ತಳಕ್ಕೆ ಬಿದ್ದವು. ಒಂದು ಉರುಳಿ, ಸುತ್ತಿ, ನಿಂತಿತು.

ಅವರು ನಮಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಹೋಗಿ ನಿಂತರು. ಹೋಗಿ ಎನ್ನುವಂತೆ ಹಿಂದಿನಿಂದಲೇ ಕೈ ಬೀಸಿದರು.

ಹೊರಗೆ ಬಂದು ಪಾತ್ರೆಯನ್ನು ತಾಂತಿಯ ಮಡಿಲಲ್ಲಿಟ್ಟೆ. ಆಕೆ ಒಳಗೆ ನೋಡಿದಳು. ಆ ಕಟ್ಟಡದಲ್ಲಿ ಅಕ್ರೋಟು ಯಾರ ಜೇಬಿನದೆಂದು ತಿಳಿಯದವರು ಯಾರು? ಒಂದನ್ನು ಎತ್ತಿ ಹಿಡಿದು, ಮುಚ್ಚಿದ ಬಾಗಿಲ ಕಡೆ ನೋಡಿ, ಚೌಕದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಮೇಷ್ಟ್ರು ಅಲ್ಲೇ ಬೆಂಚಿನ ತುದಿಯಲ್ಲಿ ಕುಸಿದು ಕೂತು, "ಯಪ್ಪಾ, ಇನ್ನೊಂದು ಸಲ ನಿಮ್ಮನ್ನ ನ್ಯಾಮತಿ ಸಂತೆಗೂ ಕರಕಂಡು ಹೋಗಲ್ಲ" ಎಂದರು.

ತಾಂತಿಗೆ ಏನೂ ಆಗಲಿಲ್ಲ ಎಂದು ಹೇಳಲಾರೆ. ದ್ವಾರದ ಮೇಜು ಹೋಯಿತು. ಹಾಸ್ಟೆಲಿನ ಬಟ್ಟೆ ಒಗೆಯುವ ಕೆಲಸಕ್ಕೆ ಹಾಕಿದರು. ಆ ನೀರಿಗೆ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಆದರೆ ನೆಲಮಾಳಿಗೆಯ ಕೋಣೆ ಉಳಿಯಿತು. ಆ ಅಧಿಕಾರಿ ಮುಂದೆಯೂ ನಮ್ಮನ್ನು ನೋಡಿ ನಗಲಿಲ್ಲ, ಮಾತಾಡಿಸಲಿಲ್ಲ.

ಉಳಿದೆರಡು ವಿಶ್ವವಿದ್ಯಾಲಯಗಳಲ್ಲಿ ಕುಣಿದೆವು, ಕೈ ಚಪ್ಪಾಳೆ ಬಿತ್ತು. ವಸಂತದ ಹೊತ್ತಿಗೆ ಮತ್ತೆ ಆ ಮೊದಲ ಹಾಸ್ಟೆಲಿಗೆ ಬಂದು, ಅಲ್ಲಿಂದ ಸಂಘ ಊರಿಗೆ ಮರಳಿತು. ನಾನು ಮರಳಲಿಲ್ಲ. ವಿನಿಮಯದಲ್ಲಿ ಒಬ್ಬರಿಗೆ ಅಲ್ಲೇ ಉಳಿದು ಓದುವ ಅವಕಾಶವಿತ್ತು. ಹರಕು ಮುರುಕಾದರೂ ಆ ಭಾಷೆಯಲ್ಲಿ ಬಾಯಿ ಬಿಡುವ ಧೈರ್ಯ ನನಗೊಬ್ಬಳಿಗೇ ಇದ್ದುದರಿಂದ ಅದು ನನಗೆ ಬಂತು. ಮುಂದೆ ಅಲ್ಲೇ ಕೆಲಸ, ಅಲ್ಲೇ ಸಂಸಾರ. ಹೊರಟ ರತ್ನಳ ಕೈಗೆ ತಾಂತಿ ಆ ಪಾತ್ರೆಯನ್ನೇ ಕೊಟ್ಟಳು, ಒಳಗೆ ಒಣಗಿಸಿದ ಪ್ಲಮ್ ಹಣ್ಣು ತುಂಬಿಸಿ. ಕೆರೆಬಿಳಚಿಯ ಅಜ್ಜಿಗೆ. ಸೊಕ್ಕೆಯಲ್ಲಿ ಇಳಿಯಬೇಕಾದವಳು ಮೊದಲು ನಮ್ಮೂರಿಗೆ ಹೋಗಿ ಅದನ್ನು ತಲುಪಿಸಿದಳಂತೆ. ನಾನು ಮೊದಲ ರಜೆಗೆ ಊರಿಗೆ ಹೋದಾಗ ಅಜ್ಜಿ ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಇಟ್ಟಿದ್ದಳು. ಒಳಗೆ ಕೋಡುಬಳೆ.

ಅಂದಿನಿಂದ ಆ ಪಾತ್ರೆ ನನ್ನ ಜೊತೆ ಓಡಾಡುತ್ತಿದೆ. ಅಜ್ಜಿ ಹೋದಳು, ಈಗ ಅವ್ವ ತುಂಬುತ್ತಾಳೆ. ನೀಲಿ ಹೂವುಗಳಲ್ಲಿ ಅರ್ಧ ಮಾಸಿವೆ.

ಊರಲ್ಲಿ ಬಸ್ಸಿಳಿದರೆ ಬೀದಿಯವರು "ಯಾವಾಗ ಬಂದ್ಯವ್ವ, ಯಾವಾಗ ಹೋಗ್ತೀಯ?" ಎಂದು ಒಂದೇ ಉಸಿರಲ್ಲಿ ಕೇಳುತ್ತಾರೆ. ನಡುವೆ ಇರುವುದಕ್ಕೆ ಜಾಗ ಕೊಡುವುದಿಲ್ಲ. ಇಲ್ಲಿ, ನನ್ನ ಮಕ್ಕಳು ಹುಟ್ಟಿದ ಊರಲ್ಲಿ, ಬ್ರೆಡ್ಡಿನ ಅಂಗಡಿಯವನು ನನ್ನ ಮಾತು ಕೇಳಿ, ಎಷ್ಟು ಚೆನ್ನಾಗಿ ಮಾತಾಡುತ್ತೀರಿ, ಮನೆಗೆ ಯಾವಾಗ ಹೋಗುತ್ತೀರಿ ಎನ್ನುತ್ತಾನೆ. ಮನೆಗೇ ಹೋಗುತ್ತಿದ್ದೇನಪ್ಪ ಎಂದು ಚೀಲ ಎತ್ತಿಕೊಳ್ಳುತ್ತೇನೆ. ಹೇಳಿದ ಮೇಲೆ ಅರ್ಧ ದಾರಿಯವರೆಗೆ ಆ ಮಾತು ಕಚ್ಚುತ್ತದೆ.

ಕಳೆದ ಸಲ ಊರಿಂದ ಬಂದವಳು ನೇರ ತಾಂತಿಯ ಕೋಣೆಗೆ ಹೋದೆ. ಈಗ ಕಣ್ಣು ಮಂಜು, ಕಾಲು ನೋವು. ನನ್ನ ಮುಖ ನೋಡುವ ಮೊದಲು ಮುಚ್ಚಳ ಎತ್ತಿದಳು. ಕೈಯಾಡಿಸಿ, "ಪ್ಲಿನ" ಎಂದಳು. ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಪಾತ್ರೆಯನ್ನು ಬರಿದು ಮಾಡಿ, ತೊಳೆದು, ಒರೆಸಿ, ಕಪಾಟಿನಲ್ಲಿ ಏನಿದೆ ಎಂದು ತಡಕಾಡುತ್ತ ಕೇಳಿದಳು:

"ನಿಮ್ಮಮ್ಮನಿಗೆ ಏನು ತುಂಬಲಿ? ಮತ್ತೆ ಯಾವಾಗ ಹೋಗುತ್ತೀಯ?"

ನಾನಿನ್ನೂ ಕೋಟು ಬಿಚ್ಚಿರಲಿಲ್ಲ.